ಎಣ್ಣೆಗೆಂಪಿಗೆ ಸ್ಲೈಡರ್ ಇಲ್ಲ

ಮೂರು ವಾರ ಕೂತು ಕಂಪ್ಯೂಟರ್‌ನಲ್ಲಿ ಒಬ್ಬ ಹೆಂಗಸಿನ ಮುಖ ಮಾಡಿದ್ದೆ. ವಯಸ್ಸು 40ರ ಆಸುಪಾಸು, ಅಗಲ ಹಣೆ, ಎಣ್ಣೆಗೆಂಪು ಮೈಬಣ್ಣ. ಕಣ್ಣಂಚಿನ ಸುಕ್ಕು, ರೆಪ್ಪೆಗೂದಲು, ಮೂಗಿನ ಮೇಲಿನ ಸಣ್ಣ ಸಣ್ಣ ರಂಧ್ರ, ಎಲ್ಲ ಒಂದೊಂದಾಗಿ ಕೂರಿಸಿದ್ದೆ. ರಾತ್ರಿಯಿಡೀ ರೆಂಡರ್ ಆಗಿ, ಅಂದರೆ ಕಂಪ್ಯೂಟರ್ ಬೆಳಕು ನೆರಳು ಲೆಕ್ಕ ಹಾಕಿ, ಬೆಳಿಗ್ಗೆ ಚಿತ್ರ ಬಂತು. ಹಿಂದೆ ಬಂದು ನಿಂತ ಅಮ್ಮ ಒಂದು ಕ್ಷಣ ನೋಡಿ ಕೇಳಿದರು: "ಯಾರೇ ಇವ್ಳು? ಹುಷಾರಿಲ್ವಾ? ಮುಖದಲ್ಲಿ ಕಳೆನೇ ಇಲ್ವಲ್ಲೇ."

ನಿಜ, ಕಳೆ ಇರಲಿಲ್ಲ. ಬೂದಿ ಬಳಿದ ಹಾಗೆ ಕಾಣುತ್ತಿತ್ತು.

ನಾನು ಮಾಡಿದ್ದು ಇಷ್ಟೇ. ಬಿಳಿ ಮೈಬಣ್ಣದವರ ಮುಖ ಸ್ಕ್ಯಾನ್ ಮಾಡಿದ ಟೆಕ್ಸ್ಚರ್, ಅಂದರೆ ಮಾದರಿಯ ಮೇಲೆ ಹೊದಿಸುವ ಚರ್ಮದ ಚಿತ್ರ, ತಗೊಂಡೆ, ಬ್ರೈಟ್‌ನೆಸ್ ಇಳಿಸಿದೆ, ಮೇಲೆ ಬಣ್ಣದ ಗಾಜು ಇಟ್ಟ ಹಾಗೆ ಒಂದು ಕಂದು ಬಣ್ಣ ಮಲ್ಟಿಪ್ಲೈ ಮಾಡಿದೆ. ಸುಮಾರು ಜನ ಹೀಗೇ ಮಾಡುತ್ತಾರೆ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ. ಇದು ತಪ್ಪು ದಾರಿ ಅಂತ ಈಗ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಕಪ್ಪು ಚರ್ಮ ಅಂದರೆ ಕತ್ತಲು ಮಾಡಿದ ಬಿಳಿ ಚರ್ಮ ಅಲ್ಲ.

ಚರ್ಮದ ಮೇಲ್ಪದರ ತುಂಬಾ ತೆಳು. ಮೈಯ ಹೆಚ್ಚಿನ ಕಡೆ ಸುಮಾರು 0.1 ಮಿಲಿಮೀಟರ್ ಅಷ್ಟೆ. ಚರ್ಮಕ್ಕೆ ಕಪ್ಪು, ಕಂದು ಬಣ್ಣ ಕೊಡುವ ಮೆಲನಿನ್ ಇರುವುದು ಆ ಪದರದಲ್ಲಿ. ರಕ್ತ ಓಡುವುದು ಅದರ ಕೆಳಗೆ. ಬೆಳಕು ಮೆಲನಿನ್ ದಾಟಿ ಒಳಗೆ ಹೋಗುತ್ತದೆ, ಕೆಳಗಿನ ಪದರದಲ್ಲಿ ಚದುರುತ್ತದೆ, ಮತ್ತೆ ಅದೇ ಮೆಲನಿನ್ ದಾಟಿ ಹೊರಗೆ ಬರುತ್ತದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಎರಡೆರಡು ಸಲ ಸುಂಕ ಕಟ್ಟಿದ ಹಾಗೆ. ಈ ಸುಂಕ ಎಲ್ಲ ಬಣ್ಣಕ್ಕೂ ಒಂದೇ ಅಲ್ಲ. ಮೆಲನಿನ್ ನೀಲಿಯನ್ನು ಜಾಸ್ತಿ ನುಂಗುತ್ತದೆ, ಕೆಂಪನ್ನು ಕಡಿಮೆ. ಜೊತೆಗೆ ಮುಖದ ಎಲ್ಲ ಕಡೆ ಅದು ಒಂದೇ ಸಮ ಇರುವುದಿಲ್ಲ. ಕಣ್ಣಿನ ಸುತ್ತ, ಬಾಯಿಯ ಅಂಚಿನಲ್ಲಿ, ಕತ್ತಿನ ಮಡಿಕೆಯಲ್ಲಿ ಜಾಸ್ತಿ. ಬಿಳಿ ಮುಖದ ಟೆಕ್ಸ್ಚರ್‌ನಲ್ಲಿ ಇದ್ಯಾವುದೂ ಇರಲಿಲ್ಲ. ಅದರಲ್ಲಿ ಇದ್ದದ್ದು ಕೆನ್ನೆಯ ಕೆಂಪು, ಮೂಗಿನ ತುದಿಯ ಕೆಂಪು. ನಾನು ಬಣ್ಣ ಇಳಿಸಿದಾಗ ಅವೆಲ್ಲ ಕೆಸರಿನ ಕಲೆ ಆಗಿ ಉಳಿದವು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಹೊಳಪು. ಹೊಳೆದರೆ ಪ್ಲಾಸ್ಟಿಕ್ ಥರ ಕಾಣುತ್ತೆ ಅನ್ನುವ ಭಯದಲ್ಲಿ ರಫ್‌ನೆಸ್ (ಮೇಲ್ಮೈ ಎಷ್ಟು ಒರಟು ಅನ್ನುವ ಅಳತೆ) ಏರಿಸಿ ಅವಳ ಹೊಳಪನ್ನೆಲ್ಲ ಸಾಯಿಸಿದ್ದೆ. ಬೆಳಕು ಒಳಗೆ ಹೋಗುವಾಗ ಎಷ್ಟು ಬಾಗುತ್ತದೆ ಅಂತ ಹೇಳುವ ರಿಫ್ರ್ಯಾಕ್ಟಿವ್ ಇಂಡೆಕ್ಸ್ ಚರ್ಮಕ್ಕೆ ಸುಮಾರು 1.4. ಅಂದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 2.8ರಷ್ಟು ಒಳಗೆ ಹೋಗದೆ ಮೇಲಿಂದಲೇ ವಾಪಸ್ ಬರುತ್ತದೆ. ಮೆಲನಿನ್ ಎಷ್ಟೇ ಇರಲಿ, ಈ ಪಾಲು ಬದಲಾಗುವುದಿಲ್ಲ. ಬಿಳಿ ಚರ್ಮದಲ್ಲಿ ಒಳಗಿಂದ ಬರುವ ಬೆಳಕೇ ಜಾಸ್ತಿ, ಅದರಲ್ಲಿ ಈ ಹೊಳಪು ಮುಳುಗಿ ಹೋಗುತ್ತದೆ. ಕಪ್ಪು ಚರ್ಮದಲ್ಲಿ ಅದು ಎದ್ದು ಕಾಣುತ್ತದೆ. ಕೆನ್ನೆಯ ಮೂಳೆ ಎಲ್ಲಿದೆ, ಮೂಗು ಎಲ್ಲಿ ತಿರುಗುತ್ತದೆ, ಹಣೆ ಎಷ್ಟು ಉಬ್ಬಿದೆ, ಇದನ್ನೆಲ್ಲ ತೋರಿಸುವುದು ಆ ಹೊಳಪೇ. ಅದನ್ನು ತೆಗೆದರೆ ಮುಖ ಚಪ್ಪಟೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತಲ್ಲ ಅಂತ ಆಮೇಲೆ ಹೊಳೆಯಿತು. ಎಣ್ಣೆಗೆಂಪು. ಮೇಲೆ ಎಣ್ಣೆಯ ಹೊಳಪು, ಒಳಗೆ ಕೆಂಪು. ಎರಡು ಬೇರೆ ಬೇರೆ ಬೆಳಕು, ಒಂದೇ ಮಾತು. ಆ ಮಾತು ಕೇಳಿಕೊಂಡೇ ಬೆಳೆದವಳು ನಾನು. ಆದರೂ ಸಾಫ್ಟ್‌ವೇರ್ ಮುಂದೆ ಕೂತಾಗ ಬರೀ "ಬ್ರೌನ್" ಅಂದುಕೊಂಡೆ.

ಸಾಫ್ಟ್‌ವೇರ್ ಈ ಕೆಲಸಕ್ಕೆ ಅಷ್ಟೇನೂ ನೆರವಾಗುವುದಿಲ್ಲ ಅನ್ನುವುದೂ ನಿಜ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕೂದಲಿನ ಶೇಡರ್‌ಗೆ, ಅಂದರೆ ಬೆಳಕು ಬಿದ್ದಾಗ ವಸ್ತು ಹೇಗೆ ಕಾಣಬೇಕು ಅಂತ ಹೇಳುವ ಭಾಗಕ್ಕೆ, ಮೆಲನಿನ್ ಅಂತಲೇ ಒಂದು ಸ್ಲೈಡರ್ ಇದೆ. ಆದರೆ ಚರ್ಮಕ್ಕೆ ಎಲ್ಲರೂ ಬಳಸುವ ಪ್ರಿನ್ಸಿಪಲ್ಡ್ ಶೇಡರ್‌ನಲ್ಲಿ ಅದಿಲ್ಲ. ಅಲ್ಲಿರುವುದು ಬೇಸ್ ಕಲರ್, ಒಂದೇ ಬಣ್ಣದ ಡಬ್ಬಿ. ಇದಕ್ಕೆ ಹಳೆಯ ಬೇರುಗಳಿವೆ. ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಅಂತ ವಿಂಗಡಿಸಲು ಚರ್ಮದ ಡಾಕ್ಟರುಗಳು ಬಳಸುವ ಫಿಟ್ಜ್‌ಪ್ಯಾಟ್ರಿಕ್ ಸ್ಕೇಲ್ 1975ರಲ್ಲಿ ಬಂದಾಗ ಅದರಲ್ಲಿ ನಾಲ್ಕೇ ವಿಧ ಇದ್ದವು, ನಾಲ್ಕೂ ಬಿಳಿಯರ ಚರ್ಮದವು. ಕಂದು, ಕಪ್ಪು ಚರ್ಮ ಆಮೇಲೆ ಸೇರಿದವು. ಬೆಳಕು ಚರ್ಮದೊಳಗೆ ಚದುರುವುದನ್ನು ಲೆಕ್ಕ ಹಾಕುವ ದಾರಿಯನ್ನು 2001ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಹೆನ್ರಿಕ್ ವಾನ್ ಜೆನ್ಸನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಅದು ನಿಜಕ್ಕೂ ದೊಡ್ಡ ಕೆಲಸ. ಅದರ ಮುಂಚಿನ ಮುಖಗಳನ್ನು ಒಮ್ಮೆ ನೋಡಿ, ಗೊತ್ತಾಗುತ್ತೆ. ಆದರೆ ಆ ಒಳಗಿನ ಮಂದ ಬೆಳಕೇ "ಮನುಷ್ಯ" ಅನ್ನುವ ನಂಬಿಕೆಯೂ ಅದರ ಜೊತೆ ಬೆಳೆಯಿತು. ಆ ಬೆಳಕು ಎದ್ದು ಕಾಣುವುದು ಬಿಳಿ ಚರ್ಮದಲ್ಲಿ. ಯೇಲ್ ವಿಶ್ವವಿದ್ಯಾಲಯದ ಥಿಯೋಡೋರ್ ಕಿಮ್ 2020ರಲ್ಲೇ ಇದರ ಬಗ್ಗೆ ನೇರವಾಗಿ ಬರೆದಿದ್ದಾರೆ. ನನಗೆ ಅದು ನೂರಕ್ಕೆ ನೂರು ಸರಿ ಅನ್ನಿಸುತ್ತೆ.

ಹಾಗಂತ ಈ ಒಳಗಿನ ಬೆಳಕನ್ನು, ಸಾಫ್ಟ್‌ವೇರ್ ಭಾಷೆಯಲ್ಲಿ ಸಬ್‌ಸರ್ಫೇಸ್ ಅನ್ನುವುದನ್ನು, ಪೂರ್ತಿ ಆಫ್ ಮಾಡಬೇಡಿ. ನಾನು ಮಾಡಿ ನೋಡಿದೆ, ಕಲ್ಲಿನ ಗೊಂಬೆ ಆಯಿತು. ಕಡಿಮೆ ಮಾಡಬೇಕು ಅಷ್ಟೆ.

ಕೊನೆಗೆ ಆ ಮುಖವನ್ನು ಮೊದಲಿಂದ ಶುರು ಮಾಡಿದೆ. ಹಳೆಯ ಟೆಕ್ಸ್ಚರ್ ಬಿಸಾಕಿದೆ. ಕೆಳಗೆ ಕೆಂಪು ಪದರ ಬೇರೆ, ಮೇಲೆ ಮೆಲನಿನ್ ಎಲ್ಲಿ ಜಾಸ್ತಿ ಎಲ್ಲಿ ಕಡಿಮೆ ಅಂತ ತೋರಿಸುವ ಮ್ಯಾಪ್ ಬೇರೆ. ಮ್ಯಾಪನ್ನು ಕೈಯಲ್ಲೇ ಪೇಂಟ್ ಮಾಡಿದೆ. ಹಣೆ ಮತ್ತು ಮೂಗಿನ ರಫ್‌ನೆಸ್ ಇಳಿಸಿದೆ, ಕೆನ್ನೆಗೆ ಸ್ವಲ್ಪ ಜಾಸ್ತಿ ಬಿಟ್ಟೆ. ಕಣ್ಣಿನ ಬಿಳಿಯನ್ನು ಅಪ್ಪಟ ಬಿಳಿ ಇಟ್ಟಿದ್ದೆ, ಕಣ್ಣು ಟಾರ್ಚ್ ಥರ ಉರಿಯುತ್ತಿತ್ತು. ಅದನ್ನು ತುಸು ಹಳದಿ ಬೆರೆತ ಬೂದು ಬಣ್ಣಕ್ಕೆ ತಂದೆ. ಮುಖ ಕಪ್ಪು ಅಂತ ಲೈಟ್ ಏರಿಸುವ ಅಭ್ಯಾಸ ಬಿಟ್ಟೆ. ಲೈಟ್ ಏರಿಸಿದರೆ ಬರೀ ಹೊಳಪಿನ ಚುಕ್ಕೆ ಸುಟ್ಟು ಹೋಗುತ್ತದೆ. ಅದರ ಬದಲು ಒಂದು ದೊಡ್ಡ ಮೆತ್ತನೆ ಲೈಟನ್ನು ಪಕ್ಕದಲ್ಲಿ, ಮುಖಕ್ಕೆ ಹತ್ತಿರ ಇಟ್ಟೆ. ಕಿಟಕಿ ಪಕ್ಕ ಕೂತವರ ಕೆನ್ನೆ ಮೇಲೆ ಉದ್ದಕ್ಕೆ ಒಂದು ಬೆಳಕಿನ ಪಟ್ಟಿ ಬೀಳುತ್ತಲ್ಲ, ಹಾಗೇ ಬಿತ್ತು. ಅವಳ ಮುಖಕ್ಕೆ ಮೂಳೆ ಬಂದಿದ್ದು ಆವಾಗ.

ಈಗ ಅವಳ ಕೈ ಮಾಡುತ್ತಿದ್ದೇನೆ. ಮುಖಕ್ಕಿಂತ ಇದು ಕಷ್ಟ. ಅಂಗೈಯಲ್ಲಿ ಮೆಲನಿನ್ ಕಡಿಮೆ, ಹಾಗಾಗಿ ಅಲ್ಲಿ ಬಣ್ಣವೇ ಬೇರೆ. ಎರಡು ಬಣ್ಣ ಸೇರುವ ಕಡೆ ಗೆರೆ ಎಳೆದರೆ ಕೈಗವಸು ಹಾಕಿದ ಹಾಗೆ ಕಾಣುತ್ತದೆ. ನಿನ್ನೆ ರಾತ್ರಿ ಅಮ್ಮನ ಕೈಯನ್ನು ಟೇಬಲ್ ಲ್ಯಾಂಪ್ ಕೆಳಗೆ ಇಡಿಸಿ ನೋಡಿದೆ. ಕಿರುಬೆರಳಿನ ಬದಿಯಲ್ಲಿ ಕಂದು ಬಣ್ಣ ಒಮ್ಮೆಲೇ ನಿಲ್ಲುವುದಿಲ್ಲ. ಚರ್ಮದ ಸಣ್ಣ ಗೆರೆಗಳನ್ನು ಹಿಡಿದು ಎಳೆ ಎಳೆಯಾಗಿ ಒಳಗೆ ಇಳಿಯುತ್ತದೆ. ಗೆಣ್ಣುಗಳ ಮೇಲೆ ಇನ್ನೂ ಗಾಢ. ಅಂಗೈ ತಿಳಿಯಾಗಿದ್ದರೂ ಅದರ ರೇಖೆಗಳ ಒಳಗೆ ಮಾತ್ರ ಮತ್ತೆ ಕಂದು.

"ಇನ್ನೂ ಎಷ್ಟೊತ್ತೇ?" ಅಂದರು ಅಮ್ಮ.

"ಸ್ವಲ್ಪ ತಿರುಗಿಸಮ್ಮ, ಹೆಬ್ಬೆರಳು ಬಾಕಿ ಇದೆ" ಅಂದೆ.