ಅವಳು ಮ್ಯಾಡಮ್‌ಗೆ ಯಾಕೆ ಅಷ್ಟು ಬೇಕಾದವಳು?

ಏಪ್ರಿಲ್ ಬಂದರೆ ಮುಂಬೈ ಆಫೀಸುಗಳಲ್ಲಿ ಅಪ್ರೈಸಲ್, ಅಂದರೆ ವರ್ಷದ ಕೆಲಸಕ್ಕೆ ರೇಟಿಂಗ್ ಕೊಡುವ ಗಲಾಟೆ. ಜೊತೆಗೆ ಹಳೇ ದೂರು: ‘ಹೆಂಗಸು ಬಾಸ್ ಆದರೆ ಚೇಲಾಗಳದ್ದೇ ಕಾರುಬಾರು.’ ಮಾಟುಂಗಾದ ಹೋಟೆಲುಗಳಲ್ಲಿ ನಮ್ಮೂರಿನವರೂ ಹೀಗೆ ಹೇಳುವುದನ್ನು ಕೇಳಿದ್ದೇನೆ. ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಇದೆಲ್ಲ ಹೆಂಗಸರ ಹೊಟ್ಟೆಕಿಚ್ಚು ಅನ್ನೋದು ನಾನು ಒಪ್ಪುವ ಮಾತಲ್ಲ.

ಅಂಧೇರಿಯಲ್ಲಿ ನಾನು ಹಿಂದೆ ಇದ್ದ ಕಂಪನಿಯ ಮ್ಯಾಡಮ್ ಕಲ್ಯಾಣದಿಂದ ಬರುತ್ತಿದ್ದರು. ಘಾಟ್ಕೋಪರ್‌ವರೆಗೆ ಲೋಕಲ್, ಆಮೇಲೆ ಮೆಟ್ರೋ. ಸಂಜೆ ಆರಕ್ಕೆ ಹೊರಡದಿದ್ದರೆ ಮನೆಯಲ್ಲಿ ಅತ್ತೆ ಮುಖ ಊದಿಸಿಕೊಳ್ಳುತ್ತಿದ್ದರು. ಅವರು ಹೊರಟ ಮೇಲೆ ಕ್ಲೈಂಟ್ ಕಾಲ್ ಎತ್ತುತ್ತಿದ್ದವಳು, ದೊಡ್ಡ ಸಾಹೇಬರು ‘ಎಲ್ಲಿ ಅವರು?’ ಅಂದರೆ ‘ಈಗಷ್ಟೇ ಹೋದರು ಸರ್’ ಅನ್ನುತ್ತಿದ್ದವಳು ನಮ್ಮ ಟೀಮಿನಲ್ಲಿ ಒಬ್ಬಳೇ. ಮಧ್ಯಾಹ್ನ ಕ್ಯಾಬಿನ್‌ನಲ್ಲಿ ಇಬ್ಬರ ಡಬ್ಬಿಯೂ ಒಟ್ಟಿಗೇ ತೆರೆಯುತ್ತಿತ್ತು. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಮನೆಗೆ ಕರೆ ಅವಳಿಗೆ ಮಾತ್ರ. ಟಾಪ್ ರೇಟಿಂಗ್ ಯಾರಿಗೆ ಬಂತು ಅಂತ ಬೇರೆ ಹೇಳಬೇಕಾ?

ನಮ್ಮ ಕೂಡು ಕುಟುಂಬಗಳಲ್ಲಿ ಹೆಂಗಸರಿಗೆ ಅಧಿಕಾರ ಸಿಕ್ಕಿದ್ದು ಹೀಗೇ. ಕೈಯಲ್ಲಿ ದುಡ್ಡಿಲ್ಲ, ಹೆಸರಲ್ಲಿ ಆಸ್ತಿಯಿಲ್ಲ. ಅತ್ತೆಗೆ ಬೇಕಾದ ಸೊಸೆಯ ಕೈಗೆ ಉಗ್ರಾಣದ ಬೀಗದ ಕೈ, ಉಳಿದವರಿಗೆ ಪಾತ್ರೆ. ನಂಬಿಕಸ್ಥರನ್ನು ಹತ್ತಿರ ಇಟ್ಟುಕೊಂಡೇ ಬದುಕಲು ಕಲಿತವರು ಆಫೀಸಿಗೆ ಬಂದಕೂಡಲೇ ಬದಲಾಗುತ್ತಾರಾ?

ಹಾಗಂತ ಇದು ಹೆಂಗಸರ ರೋಗ ಅಲ್ಲ. ಹೆನ್ರಿ ತಾಜ್ಫೆಲ್ ಅನ್ನುವ ಮನಶ್ಶಾಸ್ತ್ರಜ್ಞ ಬ್ರಿಸ್ಟಲ್‌ನ ಶಾಲಾ ಮಕ್ಕಳನ್ನು ಯಾವ ಚಿತ್ರ ಇಷ್ಟ ಅನ್ನುವ ನೆಪದಲ್ಲಿ ಎರಡು ಗುಂಪು ಮಾಡಿದ್ದರು. ಅಷ್ಟಕ್ಕೇ ಮಕ್ಕಳು ದುಡ್ಡು ಹಂಚುವಾಗ ತಮ್ಮ ಗುಂಪಿನವರಿಗೆ ಜಾಸ್ತಿ ಕೊಡತೊಡಗಿದರು. 1971ರಲ್ಲಿ ಪ್ರಕಟವಾದ ಪ್ರಯೋಗ ಇದು. ಅಂದಹಾಗೆ, ಅವರೆಲ್ಲ ಹುಡುಗರು! ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞೆಯರಾದ ನವೋಮಿ ಎಲ್ಲೆಮರ್ಸ್, ಬೆಲ್ಲೆ ಡರ್ಕ್ಸ್ ಇನ್ನೊಂದು ಎಳೆ ಹಿಡಿದರು. ಮೇಲೆ ಹೋದ ಕೆಲವು ಹೆಂಗಸರು ಉಳಿದ ಹೆಂಗಸರಿಂದ ದೂರ ನಿಲ್ಲುತ್ತಾರಲ್ಲ, ಅದು ಹುಟ್ಟುಗುಣವಲ್ಲ, ಹೆಣ್ಣೆಂದು ಕಡೆಗಣಿಸುವ ಆಫೀಸುಗಳಿಂದ ಬರುವಂಥದ್ದು ಅಂದರು.

ಗಂಡಸರ ಚೇಲಾಗಿರಿ ಕಟ್ಟಡದ ಕೆಳಗೆ ಸಿಗರೇಟು ಸೇದುವಾಗ, ಶುಕ್ರವಾರ ರಾತ್ರಿ ಬಾರಿನಲ್ಲಿ ನಡೆಯುತ್ತದೆ. ಅದಕ್ಕೆ ‘ನೆಟ್‌ವರ್ಕಿಂಗ್’ ಅಂತ ಹೆಸರು. ಕ್ಯಾಬಿನ್‌ನ ಡಬ್ಬಿ ಮಾತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಅರ್ಥವಾದರೂ ಮ್ಯಾಡಮ್ ಮಾಡಿದ್ದು ಅನ್ಯಾಯವೇ. ಅವರ ಅತ್ತೆಯ ಸಿಟ್ಟಿಗೆ ನನ್ನ ಇಂಕ್ರಿಮೆಂಟ್ ಯಾಕೆ ಹೋಗಬೇಕು? ಯಾರಿಗೆ ಎಷ್ಟು ರೇಟಿಂಗ್, ಯಾಕೆ ಅಂತ ಬರೆದು ಕೊಡಲಿ. ಆರಕ್ಕೆ ಮನೆಗೆ ಹೋಗುವವರನ್ನು ಕಳ್ಳರ ಹಾಗೆ ನೋಡುವುದನ್ನು ದೊಡ್ಡ ಸಾಹೇಬರೂ ಬಿಡಲಿ. ನಿಮ್ಮ ಆಫೀಸಿನಲ್ಲಿ ಕಾರಣ ಬರೆದು ಕೊಡುತ್ತಾರಾ? ನಾನು ಕೇಳಿದಾಗ ಎಚ್‌ಆರ್‌ನವರು ‘ಬೆಲ್ ಕರ್ವ್’, ಅಂದರೆ ಇಷ್ಟೇ ಜನಕ್ಕೆ ಟಾಪ್ ರೇಟಿಂಗ್ ಅನ್ನುವ ಲೆಕ್ಕ, ಅಂತ ಹೇಳಿ ಕಳಿಸಿದ್ದರು.