ಹಳೇ ಪ್ಲೇಸ್ಟೇಷನ್‌ಗೆ ಎಚ್‌ಡಿಎಂಐ ಡಬ್ಬಿ: ಸತ್ಯಾಂಶ

ಅಟ್ಟ ಸೇರಿದ ಪ್ಲೇಸ್ಟೇಷನ್ 2 ಎಂಬ ವಿಡಿಯೊ ಗೇಮ್ ಕನ್ಸೋಲಿಗೆ ಬೆಂಕಿಪೊಟ್ಟಣದಷ್ಟಿರುವ ಎಚ್‌ಡಿಎಂಐ ಕನ್ವರ್ಟರ್ (ಹಳೇ ಸಿಗ್ನಲ್ಲನ್ನು ಹೊಸ ಟಿವಿಯ ಎಚ್‌ಡಿಎಂಐ ಸಾಕೆಟ್ಟಿಗೆ ಹೊಂದಿಸುವ ಡಬ್ಬಿ) ಸಿಕ್ಕಿಸಿದರೆ ಆಟಗಳೆಲ್ಲ ಫುಲ್ ಎಚ್‌ಡಿ ಆಗುತ್ತವೆ ಎಂಬ ಮೆಸೇಜು ಆಗಾಗ ತಿರುಗಿ ಬರುತ್ತದೆ. ಆಗುವುದಿಲ್ಲ.

ಈ ಕನ್ಸೋಲ್ ಬಂದದ್ದು 2000ದಲ್ಲಿ; ಎಚ್‌ಡಿಎಂಐ ಮಾನದಂಡ ಹೊರಬಿದ್ದದ್ದೇ 2002ರ ಕೊನೆಗೆ. ಇದರ ಬಹಳಷ್ಟು ಆಟಗಳು ಚಿತ್ರ ಬಿಡಿಸುವುದು ಹೆಚ್ಚುಕಡಿಮೆ 640×448 ಚುಕ್ಕೆಗಳಲ್ಲಿ, ಅಂದರೆ ಮೂರು ಲಕ್ಷದೊಳಗೆ. 1080ಪಿ, ಅಂದರೆ ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಉಳಿದದ್ದನ್ನು ಕನ್ವರ್ಟರೋ ಟಿವಿಯೋ ಅಕ್ಕಪಕ್ಕದ ಚುಕ್ಕೆ ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಹಿಟ್ಟು ಅಷ್ಟೇ, ಕಾವಲಿ ಮಾತ್ರ ದೊಡ್ಡದು.

ನಂಬುವವರ ತಪ್ಪೇನಿಲ್ಲ. ಚಿತ್ರ ಹಿಗ್ಗಿಸುವ ಡಬ್ಬಿಯಾದರೆ, ರಿಮೋಟಿನ ಇನ್ಫೋ ಗುಂಡಿ ಒತ್ತಿದಾಗ ಟಿವಿ 1080ಪಿ ಎಂದೇ ತೋರಿಸುತ್ತದೆ! ಅದು ಟಿವಿಗೆ ತಲುಪಿದ ಸಿಗ್ನಲ್ಲಿನ ಅಳತೆ, ಆಟ ಬಿಡಿಸಿದ ಚಿತ್ರದ್ದಲ್ಲ.

ನೀವೇ ನೋಡಬಹುದು. ಆಟವನ್ನು ನಡುವೆಯೇ ನಿಲ್ಲಿಸಿ, ಓರೆಯಾಗಿರುವ ಒಂದು ತಂತಿಯನ್ನೋ ಕಾರಿನ ಅಂಚನ್ನೋ ಹತ್ತಿರದಿಂದ ದಿಟ್ಟಿಸಿ. ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದೇ ದೃಶ್ಯವನ್ನು ಹಳೇ ಕೇಬಲ್ಲಿನಲ್ಲಿ ನೋಡಿದರೂ ಮೆಟ್ಟಿಲು ಅಲ್ಲೇ ಇರುತ್ತದೆ.

ಹಾಗಂತ ಡಬ್ಬಿ ದಂಡವಲ್ಲ. ಎವಿ ಸಾಕೆಟ್ಟೇ ಇಲ್ಲದ ಹೊಸ ಟಿವಿಗೆ ಅದು ಬೇಕೇ ಬೇಕು. ಹಳೇ ಎವಿ ಕೇಬಲ್ಲಿನ ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬಣ್ಣ, ಬೆಳಕು ಬೆರೆತು ಬರುವುದರಿಂದ ಅಂಚುಗಳು ಕಲಸಿಹೋಗುತ್ತವೆ. ಕೆಂಪು, ಹಸಿರು, ನೀಲಿ ಪಿನ್ನುಗಳ ಕಾಂಪೊನೆಂಟ್ ಕೇಬಲ್ಲಿನಲ್ಲಿ ಚಿತ್ರ ನಿಜಕ್ಕೂ ತಿಳಿಯಾಗುತ್ತದೆ. ಚುಕ್ಕೆಗಳ ಲೆಕ್ಕ ಮಾತ್ರ ಅಷ್ಟೇ ಇರುತ್ತದೆ.