ಖಾನಾವಳಿ ಊಟಕ್ಕೆ ಬಿಲ್ ಎಲ್ಲಿಂದ ತರೋದು?

ನಮ್ಮಂಥ ಸರ್ವಿಸ್ ಇಂಜಿನಿಯರ್‌ಗಳ ಪಾಡು ಗೊತ್ತಲ್ಲ, ಇವತ್ತು ರಾಯಚೂರು, ನಾಳೆ ಬಳ್ಳಾರಿ. ಊರು ಬಿಟ್ಟು ಹೋದ ದಿನಕ್ಕೆ ಕಂಪನಿ ಡಿಎ ಕೊಡುತ್ತದೆ. ತುಟ್ಟಿಭತ್ಯೆ ಅಲ್ಲ, ದಿನಭತ್ಯೆ. 2025-26ರ ರಿಟರ್ನ್ ಹಾಕುವಾಗ ಇದರದ್ದೇ ತಲೆನೋವು.

ಆ ವರ್ಷದ ಲೆಕ್ಕಕ್ಕೆ ಬರೋದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(14), ಜೊತೆಗೆ ನಿಯಮ 2ಬಿಬಿ. ಟೂರಿನಲ್ಲಿದ್ದಾಗ ಸಿಗುವ ದಿನಭತ್ಯೆಗೆ ತೆರಿಗೆ ಇಲ್ಲ, ಆದರೆ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ. ಉಳಿಸಿದ್ದು ಸಂಬಳದ ಲೆಕ್ಕಕ್ಕೆ ಸೇರುತ್ತದೆ. ಕೇಳೋಕೆ ನ್ಯಾಯವಾಗೇ ಇದೆ, ಅಲ್ವಾ?

ಆದರೆ ಖರ್ಚಾಗಿದೆ ಅಂತ ತೋರಿಸೋದು ಹೇಗೆ? ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಅನ್ನ ಸಾರು ಉಂಡೆ. ಗೋಡೆಗೆ ಅಂಟಿಸಿದ ಕ್ಯೂಆರ್‌ಗೆ ದುಡ್ಡು ಹಾಕಿದೆ. ಬಿಲ್ ಕೇಳಿದರೆ ಅಕ್ಕ ನಗುತ್ತಾರೆ. ಫೋನಿನಲ್ಲಿರೋ ಪೇಮೆಂಟ್ ತೋರಿಸಿದರೆ ಅಕೌಂಟ್ಸ್‌ನವರು ಒಪ್ಪಲ್ಲ. ಅತ್ತ ಲಾಡ್ಜಿನ ಕೌಂಟರಿನಲ್ಲಿ ಕೇಳದೇ ಬರುವ ಪ್ರಶ್ನೆ: 'ಬಿಲ್ ಎಷ್ಟಕ್ಕೆ ಬರೀಲಿ ಸಾರ್?' ನಿಯತ್ತಿನಿಂದ ಅಗ್ಗಕ್ಕೆ ಉಂಡವನ ಖರ್ಚು ಲೆಕ್ಕಕ್ಕಿಲ್ಲ. ಸುಳ್ಳು ಬಿಲ್ ತಂದವನು ಪಾಸು.

ಈಗ ಸಂಸದರ ಕಡೆ ನೋಡಿ. ಅವರ ದಿನಭತ್ಯೆ 2,500 ರೂಪಾಯಿ. ಅದೇ ಕಾಯ್ದೆಯ ಸೆಕ್ಷನ್ 10(17)ರಲ್ಲಿ ಸಂಸದರಿಗೂ ಶಾಸಕರಿಗೂ ದಿನಭತ್ಯೆಯ ಮೇಲೆ ಪೂರ್ತಿ ವಿನಾಯಿತಿ. ಖರ್ಚಾದಷ್ಟಕ್ಕೆ ಮಾತ್ರ ಅನ್ನೋ ಷರತ್ತೇ ಅಲ್ಲಿಲ್ಲ. ಇದ್ದದ್ದು ಇದ್ದಂಗೆ ಹೇಳಬೇಕು: ಹೊಸ ತೆರಿಗೆ ಪದ್ಧತಿಗೆ (ದರ ಕಡಿಮೆ, ವಿನಾಯಿತಿಯೂ ಕಡಿಮೆ) ಹೋದರೆ ಅವರಿಗೆ ಇದು ಸಿಗಲ್ಲ, ನಮ್ಮ ಡಿಎಗೆ ಅಲ್ಲೂ ಸಿಗುತ್ತದೆ. ಷರತ್ತು ಮಾತ್ರ ಹಾಗೇ ಇದೆ.

ಬಿಲ್ ಕೇಳದೆ ವಿನಾಯಿತಿ ಕೊಡೋದು ನಮ್ಮ ನಿಯಮಕ್ಕೆ ಹೊಸದೇನಲ್ಲ. ಹಳೇ ಪದ್ಧತಿಯಲ್ಲಿ ಬಸ್ಸು, ಲಾರಿ ಓಡಿಸುವವರಿಗೆ ದಿನಭತ್ಯೆಯ ಬದಲು ಕೊಡುವ ಭತ್ಯೆ ಇದೆ. 2025-26ರ ನಿಯಮದಲ್ಲಿ ಅದರ ಶೇ. 70ರಷ್ಟಕ್ಕೆ, ತಿಂಗಳಿಗೆ 10,000 ರೂಪಾಯಿ ಮಿತಿಯಲ್ಲಿ, ಖರ್ಚಿನ ಲೆಕ್ಕ ಕೇಳದೆ ವಿನಾಯಿತಿ ಇತ್ತು. ಜರ್ಮನಿಯಲ್ಲಿ ಕೆಲಸಕ್ಕಾಗಿ ಪೂರ್ತಿ ದಿನ ಹೊರಗಿದ್ದರೆ ಊಟಕ್ಕೆ 28 ಯೂರೋ, 8 ಗಂಟೆಗಿಂತ ಜಾಸ್ತಿ ಹೊರಗಿದ್ದರೆ 14. ಊಟದ ಬಿಲ್ ಬೇಡ. ಒಂದೇ ಜಾಗದಲ್ಲಾದರೆ ಮೂರು ತಿಂಗಳವರೆಗೆ ಅಷ್ಟೇ.

ನಮ್ಮಲ್ಲೂ ಊಟ ತಿಂಡಿಗೆ ದಿನಕ್ಕೆ ಇಂತಿಷ್ಟು ಅಂತ ಗೊತ್ತುಮಾಡಲಿ. ಟೂರ್ ಹೋಗಿದ್ದಕ್ಕೆ ಟಿಕೆಟ್ಟೋ ಡ್ಯೂಟಿ ಚೀಟಿಯೋ ತೋರಿಸಿದರೆ ಸಾಕು ಅನ್ನಲಿ. ಅದಕ್ಕಿಂತ ಜಾಸ್ತಿ ಖರ್ಚು ತೋರಿಸುವವರನ್ನು ಬೇಕಾದರೆ ಬಿಲ್ ಕೇಳಲಿ, ಯಾರೂ ಬೇಡ ಅನ್ನಲ್ಲ.